ಪಿನ್‌ಬಾಲ್ ಮೋಟರ್ ನಿಲ್ತಾನೇ ಇಲ್ಲ, ಸುಟ್ಟ ವಾಸನೆ ಬೇರೆ. ಏನು ಮಾಡಲಿ?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಒಬ್ಬರು ಮನೆ ಖಾಲಿ ಮಾಡುವಾಗ ಗಾಟ್ಲೀಬ್ ಕಂಪನಿಯ 'ರಾಯಲ್ ಫ್ಲಶ್' ಪಿನ್‌ಬಾಲ್ ಯಂತ್ರ (ಗಾಜಿನ ಕೆಳಗಿನ ಓರೆ ಹಲಗೆಯ ಮೇಲೆ ಚೆಂಡು ಹೊಡೆದು ಸ್ಕೋರು ಗಳಿಸುವ ಆಟ) ಕೊಂಡು ತಂದೆ. 1976ರದ್ದು, ನಾಲ್ಕು ಜನ ಆಡುವಂಥದ್ದು. ಬೇಸ್‌ಮೆಂಟಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಒತ್ತಿದರೆ ಒಳಗೆ ಮೋಟರ್ ತಿರುಗುತ್ತಲೇ ಇರುತ್ತದೆ, ಆಟ ಶುರುವಾಗುವುದಿಲ್ಲ. ಮೂರನೇ ಆಟಗಾರನ ಸ್ಕೋರಿನಲ್ಲಿ ಒಂದು ಚಕ್ರ ನಿಲ್ಲದೆ ಸುತ್ತುತ್ತದೆ. ಮೊದಲನೇ ಆಟಗಾರನದ್ದು 7ರಲ್ಲಿ ಸಿಕ್ಕಿಕೊಂಡು ಗುಂಯ್ ಗುಂಯ್ ಅನ್ನುತ್ತದೆ. ಆಮೇಲೆ ಫ್ಯೂಸ್ ಹೋಯಿತು. ಸ್ನೇಹಿತರೊಬ್ಬರು 25 ಆಂಪ್ ಫ್ಯೂಸ್ ಹಾಕಿದರು, ಭಾವ ಎಲ್ಲ ಕಡೆ ಡಬ್ಲ್ಯೂಡಿ-40 ಹೊಡೆದರು. ಈಗ ಸುಟ್ಟ ವಾಸನೆ. ಹಳೇ ವೈರಿಂಗ್ ಎಲ್ಲ ಕಿತ್ತು ಹೊಸ ಎಲೆಕ್ಟ್ರಾನಿಕ್ ಬೋರ್ಡ್ ಹಾಕಿಬಿಡಿ ಅನ್ನುತ್ತಾರೆ ಕೆಲವರು. ಅದೇ ಮಾರಾಟಗಾರರ ಹತ್ತಿರ ಎರಡನೇ ಮಹಾಯುದ್ಧದ ನಂತರದ ಕಾಲದ ಮಿಲ್ಸ್ ಕಂಪನಿಯ ಸ್ಲಾಟ್ ಮಷೀನೂ (ನಾಣ್ಯ ಹಾಕಿ ಆಡುವ ಜೂಜಿನ ಯಂತ್ರ) ಇದೆ, 'ಆ್ಯಂಟಿಕ್, ಕಾನೂನಿನ ತೊಂದರೆ ಇಲ್ಲ' ಅಂತಾರೆ. ಅದನ್ನೂ ತೆಗೆದುಕೊಳ್ಳಲೇ? ಇನ್ನು ಕೆಲವು ವರ್ಷಕ್ಕೆ ಮೈಸೂರಿಗೆ ವಾಪಸ್ ಹೋಗುವ ಯೋಚನೆ ಇದೆ. ಪಿನ್‌ಬಾಲ್ ಅಲ್ಲಿ ಓಡುತ್ತದೆಯೇ?

ಉತ್ತರ:

ಮೊದಲು ಪ್ಲಗ್ ಕೀಳಿ. ಯಂತ್ರದ ಸ್ವಿಚ್ ಆಫ್ ಮಾಡಿದರೆ ಸಾಲದು, ಗೋಡೆಯಿಂದಲೇ ಕಿತ್ತುಬಿಡಿ. ಆಮೇಲೆ ಆ 25 ಆಂಪ್ ಫ್ಯೂಸ್ ತೆಗೆದು ಕಸದ ಬುಟ್ಟಿಗೆ ಹಾಕಿ. ಇಷ್ಟು ಮಾಡಿ ಬಂದು ಮುಂದೆ ಓದಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಕಾಣುವ ಭಯ ಇದು: ಯಂತ್ರಕ್ಕೆ ವಯಸ್ಸಾಗಿದೆ, ಒಳಗೆಲ್ಲ ಹಾಳಾಗಿದೆ, ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ, ದುಡ್ಡು ನೀರಿಗೆ ಹಾಕಿದ ಹಾಗಾಯಿತು. ಹಾಗೇನೂ ಆಗಿಲ್ಲ. ನೀವು ಬರೆದಿರುವ ಲಕ್ಷಣ ನೋಡಿದರೆ ಯಂತ್ರದ ಬುದ್ಧಿ ಸರಿಯಾಗೇ ಇದೆ. ಅದು ಒಂದೆರಡು ಸ್ವಿಚ್ಚಿನಿಂದ ಉತ್ತರ ಬರಲಿ ಅಂತ ಕಾಯುತ್ತಿದೆ, ಉತ್ತರ ಬರುತ್ತಿಲ್ಲ. ಮೋಟರ್ ನಿಲ್ಲದಿರುವುದು, ಚಕ್ರ ಸುತ್ತುವುದು, ವಾಸನೆ ಬರುವುದು, ಇವೆಲ್ಲ ಬೇರೆ ಬೇರೆ ರೋಗ ಅಂದುಕೊಳ್ಳಬೇಡಿ.

ಇಂಥ ಎಲೆಕ್ಟ್ರೋಮೆಕ್ಯಾನಿಕಲ್ ಯಂತ್ರದಲ್ಲಿ ಚಿಪ್ ಇಲ್ಲ, ಪ್ರೋಗ್ರಾಂ ಇಲ್ಲ. ಕಾಯಿಲ್ (ಕರೆಂಟ್ ಬಂದಾಗ ಕಬ್ಬಿಣ ಎಳೆಯುವ ತಂತಿ ಸುರುಳಿ), ರಿಲೇ (ಕಾಯಿಲ್ ಎಳೆದಾಗ ಕೆಲಸ ಮಾಡುವ ಸ್ವಿಚ್ ಗುಂಪು), ಒಂದು ಸಣ್ಣ ಮೋಟರ್, ತೆಳು ಲೋಹದ ಪಟ್ಟಿಗಳಿಂದಾದ ನೂರಾರು ಎಲೆ ಸ್ವಿಚ್ಚುಗಳು, ಅಷ್ಟೇ. ಗಾಟ್ಲೀಬ್‌ನವರು 1977ರಲ್ಲಿ 'ಕ್ಲಿಯೋಪಾತ್ರ' ಅನ್ನುವ ಆಟದಿಂದ ಎಲೆಕ್ಟ್ರಾನಿಕ್ಸ್ ಕಡೆ ಹೊರಳಿದರು. ನಿಮ್ಮದು ಅದಕ್ಕೆ ಸ್ವಲ್ಪ ಮುಂಚಿನದ್ದು. ಇದು ನಿಮ್ಮ ಅದೃಷ್ಟ. 1930ರ ದಶಕದಿಂದ ತಿದ್ದಿ ತೀಡಿಕೊಂಡು ಬಂದ ವಿನ್ಯಾಸ, ಜಾಸ್ತಿ ಸಂಖ್ಯೆಯಲ್ಲಿ ತಯಾರಾದ ಆಟ, ಬಿಡಿಭಾಗ ಇವತ್ತಿಗೂ ಸಿಗುತ್ತದೆ. ಬೆಂಗಳೂರಿನ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆಯಲ್ಲಿ ಹಳೇ ಸ್ಟ್ರೌಜರ್ ಟೆಲಿಫೋನ್ ಎಕ್ಸ್‌ಚೇಂಜುಗಳ ಮೇಲೆ ಕೆಲಸ ಮಾಡಿದ ಹಿರಿಯರು ನಿಮ್ಮ ಬಳಗದಲ್ಲಿ ಇದ್ದರೆ ವಿಡಿಯೋ ಕಾಲ್‌ನಲ್ಲಿ ಇದರ ಒಳಗು ತೋರಿಸಿ. ಪಲ್ಸ್ ಬಂದಾಗಲೆಲ್ಲ ಒಂದು ಹಲ್ಲು ಮುಂದೆ ಹೋಗುವ ಸ್ಟೆಪ್ಪರ್ ನೋಡಿದ ತಕ್ಷಣ ಅವರಿಗೆ ಅರ್ಧ ಕತೆ ಗೊತ್ತಾಗುತ್ತದೆ.

ಈಗ ಸ್ಟಾರ್ಟ್ ಒತ್ತಿದಾಗ ಏನಾಗಬೇಕು ನೋಡಿ. ಸ್ಟಾರ್ಟ್ ರಿಲೇ ಎಳೆದುಕೊಳ್ಳುತ್ತದೆ, ಸ್ಕೋರ್ ಮೋಟರ್ ತಿರುಗುತ್ತದೆ. ಆ ಮೋಟರಿನ ಕ್ಯಾಮ್‌ಗಳು (ಅಂಚಿನಲ್ಲಿ ಉಬ್ಬು ತಗ್ಗಿರುವ ತಟ್ಟೆಗಳು) ಸ್ವಿಚ್ಚುಗಳನ್ನು ಮುಚ್ಚಿ ತೆರೆದು ಪಲ್ಸ್ ಕಳಿಸುತ್ತವೆ. ಹಿಂದಿನ ಆಟದ ಸ್ಕೋರು ಇನ್ನೂ ಚಕ್ರಗಳ ಮೇಲೆ ಇದೆಯಲ್ಲ, ಒಂದೊಂದು ಪಲ್ಸಿಗೆ ಒಂದೊಂದು ಅಂಕಿ ಮುಂದೆ ಹೋಗಿ ಎಲ್ಲವೂ ಸೊನ್ನೆಗೆ ಬರಬೇಕು. ಚಕ್ರ ಸೊನ್ನೆಗೆ ಬಂತು ಅಂತ ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಪ್ರತಿ ಚಕ್ರದ ಹಿಂದೆ ಸೊನ್ನೆಯ ಸ್ವಿಚ್ ಇರುತ್ತದೆ. ಸೊನ್ನೆ ಬಂದಾಗ ಅದು ತೆರೆದುಕೊಂಡು ಆ ಚಕ್ರಕ್ಕೆ ಪಲ್ಸ್ ನಿಲ್ಲಿಸುತ್ತದೆ. ಎಲ್ಲ ಚಕ್ರಗಳದ್ದೂ ತೆರೆದ ಮೇಲೆ ರಿಸೆಟ್ ಮುಗಿಯುತ್ತದೆ, ಮೋಟರ್ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ, ಚೆಂಡು ಹೊರಗೆ ಬರುತ್ತದೆ. ಒಂದೇ ಒಂದು ಚಕ್ರ ಹೇಳದಿದ್ದರೂ ಮೋಟರ್ ಇನ್ನೊಂದು ಸುತ್ತು ಹೊಡೆಯುತ್ತದೆ. ಮತ್ತೆ ಇನ್ನೊಂದು.

ಹಾಗಾಗಿ ರೋಗ ಕಂಡುಹಿಡಿಯುವುದು ಕಣ್ಣು ಕಿವಿಯ ಕೆಲಸ. ಚಕ್ರ ನಿಲ್ಲದೆ ಸುತ್ತುತ್ತಿದ್ದರೆ ಅದರ ಯಾಂತ್ರಿಕ ಭಾಗ, ಕಾಯಿಲ್, ವೈರು ಎಲ್ಲ ಸರಿ ಇದೆ ಅಂತ ಅರ್ಥ. ಸೊನ್ನೆಯ ಸ್ವಿಚ್ ತೆರೆಯುತ್ತಿಲ್ಲ, ಅಷ್ಟೇ. ಅದು ನಿಮ್ಮ ಮೂರನೇ ಆಟಗಾರನ ಚಕ್ರ. ಗುಂಯ್ ಅಂದರೂ ಕದಲದಿದ್ದರೆ ಪಲ್ಸ್ ಬರುತ್ತಿದೆ, ಕಾಯಿಲ್ ಎಳೆಯುತ್ತಿದೆ, ಆದರೆ ಹಳೇ ಗ್ರೀಸ್ ಅಂಟಾಗಿ ಚಕ್ರವನ್ನು ಹಿಡಿದಿದೆ. ಅದು ಮೊದಲನೇ ಆಟಗಾರನದ್ದು. ಇನ್ನು ಕೆಲವು ಸಲ ಚಕ್ರ ಕದಲುವುದೂ ಇಲ್ಲ, ಸದ್ದೂ ಇಲ್ಲ. ಆಗ ಪಲ್ಸೇ ತಲುಪುತ್ತಿಲ್ಲ: ಕಾಂಟ್ಯಾಕ್ಟ್ (ಸ್ವಿಚ್ಚಿನ ಎಲೆಗಳು ಒಂದಕ್ಕೊಂದು ತಾಗುವ ಬಿಂದು) ಕೊಳೆಯಾಗಿದೆ, ಬೆಸುಗೆ ಬಿಟ್ಟಿದೆ, ಇಲ್ಲ ಕಾಯಿಲ್ ಒಳಗೇ ತುಂಡಾಗಿದೆ. ಎಲ್ಲ ಚಕ್ರವೂ ಸೊನ್ನೆಗೆ ಬಂದು ಸುಮ್ನೆ ನಿಂತಿದ್ದರೂ ಮೋಟರ್ ಓಡುತ್ತಿದ್ದರೆ ಮೇಲಿನ ಪೆಟ್ಟಿಗೆ ಬಿಟ್ಟು ಕೆಳಗೆ ಬನ್ನಿ. ಮೋಟರಿನದೇ ನಿಲ್ಲುವ ಸ್ವಿಚ್ಚೋ, ಅಂಟಿಕೊಂಡ ರಿಲೇಯೋ ಇರುತ್ತದೆ.

ವಾಸನೆಗೆ ಬರೋಣ. ಈ ಕಾಯಿಲ್‌ಗಳನ್ನು ಮಾಡಿರುವುದು ಕ್ಷಣ ಮಾತ್ರ ಕರೆಂಟ್ ತಡೆದುಕೊಳ್ಳುವುದಕ್ಕೆ. ಬಂತು, ಎಳೆಯಿತು, ಬಿಟ್ಟಿತು. ಅದರಲ್ಲೂ ಇದು ಎಸಿ. ಎಸಿ ಕಾಯಿಲ್‌ನಲ್ಲಿ ಪ್ಲಂಜರ್ (ಕಾಯಿಲ್ ಒಳಗೆಳೆಯುವ ಕಬ್ಬಿಣದ ಕಡ್ಡಿ) ಪೂರ್ತಿ ಒಳಗೆ ಬಂದು ಕೂತರೆ ಕರೆಂಟ್ ಕಡಿಮೆಯಾಗುತ್ತದೆ, ಅರ್ಧದಲ್ಲಿ ಸಿಕ್ಕಿಕೊಂಡರೆ ಜಾಸ್ತಿ ಎಳೆಯುತ್ತದೆ. ನಿಮ್ಮ 7ರ ಚಕ್ರದಲ್ಲಿ ಆಗುತ್ತಿರುವುದು ಅದೇ: ಅಂಟಿನಿಂದ ಪ್ಲಂಜರ್ ಪೂರ್ತಿ ಹೋಗುತ್ತಿಲ್ಲ, ಮೋಟರ್ ಬಿಡದೆ ಪಲ್ಸ್ ಹೊಡೆಯುತ್ತಿದೆ, ಕಾಯಿಲ್ ಬಿಸಿಯಾಗುತ್ತಿದೆ, ಮೊದಲ ಫ್ಯೂಸ್ ತನ್ನ ಕೆಲಸ ಮಾಡಿ ಹೋಯಿತು. ಅದರ ಜಾಗಕ್ಕೆ 25 ಆಂಪ್ ಬಂದ ಮೇಲೆ ಸುಡಬೇಕಾದ್ದು ಫ್ಯೂಸ್ ಅಲ್ಲ, ಕಾಯಿಲ್ ಆಯಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ವೈರ್ ಕಟ್ಟು, ಆಮೇಲೆ ಟ್ರಾನ್ಸ್‌ಫಾರ್ಮರ್, ಅದೂ ಮರದ ಪೆಟ್ಟಿಗೆಯೊಳಗೆ. ಸ್ನೇಹಿತರ ಉದ್ದೇಶ ಒಳ್ಳೆಯದೇ, ಆದರೆ ಫ್ಯೂಸ್ ಪಕ್ಕದ ಲೇಬಲ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಹಾಕಬೇಕು. ಎರಡನೇ ಸಲವೂ ಹೋದರೆ ಕಾರಣ ಹುಡುಕಬೇಕು.

ಯಾವ ಕಾಯಿಲ್ ಸುಟ್ಟಿದೆ ಅಂತ ನೋಡುವುದು ಸುಲಭ. ಸುತ್ತಿದ ಕಾಗದ ಕಂದಾಗಿರುತ್ತದೆ, ಒಳಗಿನ ಪ್ಲಾಸ್ಟಿಕ್ ತೋಳು (ಪ್ಲಂಜರ್ ಓಡಾಡುವ ಕೊಳವೆ) ಕರಗಿ ಪ್ಲಂಜರನ್ನು ಹಿಡಿದಿರುತ್ತದೆ. ಅನುಮಾನ ಇದ್ದರೆ ಮಲ್ಟಿಮೀಟರ್‌ನಲ್ಲಿ ಓಮ್ ಅಳೆದು ಪಕ್ಕದ ಚಕ್ರದ ಅದೇ ನಂಬರಿನ ಕಾಯಿಲ್ ಜೊತೆ ಹೋಲಿಸಿ (ಅಳೆಯುವಾಗ ಒಂದು ತಂತಿ ಬಿಚ್ಚಿರಬೇಕು). ತೀರಾ ಕಡಿಮೆ ಬಂದರೆ ಒಳಗೆ ಸುರುಳಿಗಳು ಒಂದಕ್ಕೊಂದು ಕೂಡಿಕೊಂಡಿವೆ, ಬದಲಾಯಿಸಿ. ಒಂದು ಮಾತು: ಆಟ ನಡೆಯುವಾಗ ಸದಾ ಎಳೆದುಕೊಂಡೇ ಇರುವ ರಿಲೇಗಳೂ ಇರುತ್ತವೆ, ಅವು ಮುಟ್ಟಿದರೆ ಬೆಚ್ಚಗಿರುವುದು ಸಹಜ. ಅದನ್ನು ನೋಡಿ ಹೆದರಬೇಡಿ.

ಇನ್ನು ಭಾವನವರ ಡಬ್ಲ್ಯೂಡಿ-40. ನಾನು ರಿಪೇರಿಗೆ ಹೋದ ಮನೆಗಳಲ್ಲಿ ಯಂತ್ರ ಹಾಳಾಗಿದ್ದಕ್ಕಿಂತ ಯಾರೋ ಸ್ಪ್ರೇ ಹೊಡೆದು ಹಾಳು ಮಾಡಿದ್ದೇ ಜಾಸ್ತಿ. ಮೊದಲೆರಡು ದಿನ ಚೆನ್ನಾಗಿ ಓಡುತ್ತದೆ, ಅದಕ್ಕೇ ಎಲ್ಲರೂ ನಂಬುವುದು. ಆಮೇಲೆ ಎಣ್ಣೆ ಹಳೇ ಗ್ರೀಸ್ ಜೊತೆ ಸೇರಿ, ಧೂಳು ಹಿಡಿದು, ಇನ್ನೂ ಗಟ್ಟಿ ಜಿಗುಟಾಗುತ್ತದೆ. ಕಾಂಟ್ಯಾಕ್ಟ್ ಮೇಲೆ ಪೊರೆ ಕಟ್ಟುತ್ತದೆ. ಮೇಲಾಗಿ ಈ ಸ್ವಿಚ್ಚುಗಳು ಪ್ರತಿ ಸಲ ಕಿಡಿ ಹಾರಿಸುವಂಥವು, ಉರಿಯುವ ಸ್ಪ್ರೇ ಹೊಡೆದು ತಕ್ಷಣ ಆನ್ ಮಾಡುವುದು ಅಪಾಯ. ಎಲೆಕ್ಟ್ರಿಕಲ್ ಅಂಗಡಿಯ 'ಕಾಂಟ್ಯಾಕ್ಟ್ ಕ್ಲೀನರ್' ಡಬ್ಬಿಯೂ ಇಲ್ಲಿ ಬೇಡ.

ಮಾಡಬೇಕಾದ್ದು ಬೇಜಾರಿನ ಕೆಲಸ. ಸಿಕ್ಕಿಕೊಂಡ ಚಕ್ರದ ಯೂನಿಟ್ಟನ್ನು ಹೊರಗೆ ತೆಗೆದು, ಬಿಚ್ಚುವ ಮುಂಚೆ ನಾಲ್ಕು ಕಡೆಯಿಂದ ಫೋಟೋ ಹೊಡೆದು, ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಉಜ್ಜಿ, ಒಣಗಿಸಿ, ಮತ್ತೆ ಜೋಡಿಸಿ. ಕಿಟಕಿ ತೆರೆದಿರಲಿ. ಪ್ಲಂಜರ್, ಕಾಯಿಲ್ ತೋಳು ಪೂರ್ತಿ ಒಣಗಿರಬೇಕು. ಅಲ್ಲಿ ಎಣ್ಣೆ, ಗ್ರೀಸ್ ಯಾವುದೂ ಬೇಡ. ತೋಳು ಸವೆದಿದ್ದರೆ ಹೊಸ ನೈಲಾನ್ ತೋಳು ಹಾಕಿ, ಅಗ್ಗ. ಎಣ್ಣೆ ಬೇಕಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಲೋಹಕ್ಕೆ ಲೋಹ ತಿಕ್ಕುವ ಜಾಗಕ್ಕೆ, ಸ್ಟೆಪ್ಪರ್ ತಟ್ಟೆಗೆ, ಟೆಫ್ಲಾನ್ ಇರುವ ತೆಳು ಗ್ರೀಸ್ ಬೆರಳಿಗೆ ಕಂಡೂ ಕಾಣದಷ್ಟು ಸಾಕು.

ಸೊನ್ನೆಯ ಸ್ವಿಚ್ಚಿಗೆ ಬೇರೆ ಕ್ರಮ. ಮೊದಲು ಎಲೆಗಳನ್ನು ಹಿಡಿದಿರುವ ಎರಡು ಸ್ಕ್ರೂ ಬಿಗಿ ಮಾಡಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ, ಬೇಸಿಗೆ ಚಳಿಗಾಲಕ್ಕೆ ಸ್ಕ್ರೂ ಸಡಿಲವಾಗಿರುತ್ತದೆ. ಆಮೇಲೆ ವಿಸಿಟಿಂಗ್ ಕಾರ್ಡಿನಂಥ ದಪ್ಪ ಕಾಗದವನ್ನು ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿ ಕಾಂಟ್ಯಾಕ್ಟ್‌ಗಳ ಮಧ್ಯೆ ಇಟ್ಟು, ಮೆಲ್ಲಗೆ ಒತ್ತಿ ಎಳೆಯಿರಿ. ಕಪ್ಪು ಬರುವುದು ನಿಲ್ಲುವ ತನಕ. ಬೆಳ್ಳಿಯ ಕಾಂಟ್ಯಾಕ್ಟ್‌ಗೆ ಮರಳು ಕಾಗದ ಹಾಕಬೇಡಿ. ಫ್ಲಿಪ್ಪರ್‌ನಂಥ (ಚೆಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ಬ್ಯಾಟು) ಜೋರು ಕರೆಂಟಿನ ಜಾಗದಲ್ಲಿ ಟಂಗ್‌ಸ್ಟನ್ ಕಾಂಟ್ಯಾಕ್ಟ್ ಇರುತ್ತವೆ, ಅವಕ್ಕೆ ಮಾತ್ರ ಅರ ಹಾಕಬಹುದು. ಕೊನೆಗೆ ಅಂತರ. ಕೈಯಿಂದ ಚಕ್ರವನ್ನು ಒಂದೊಂದೇ ಅಂಕಿ ನಡೆಸಿ, ಸೊನ್ನೆಯಲ್ಲಿ ಕಣ್ಣಿಗೆ ಕಾಣುವಂತೆ ತೆರೆಯಬೇಕು, ಬೇರೆ ಅಂಕಿಗಳಲ್ಲಿ ಗಟ್ಟಿಯಾಗಿ ಮುಚ್ಚಬೇಕು. ಬಗ್ಗಿಸಬೇಕಾದರೆ ಎಲೆಯ ಬುಡದ ಹತ್ತಿರ, ಕೂದಲೆಳೆಯಷ್ಟು. ಅದೇ ಗುಂಪಿನಲ್ಲಿ 9ರ ಸ್ವಿಚ್ ಕೂಡ ಇರುತ್ತದೆ, 9 ದಾಟಿದಾಗ ಪಕ್ಕದ ಚಕ್ರಕ್ಕೆ ದಶಕ ದಾಟಿಸುವುದು ಅದು. ಅದನ್ನು ಸುಮ್ನೆ ಬಗ್ಗಿಸಿದರೆ ರಿಸೆಟ್ ಸರಿಹೋಗಿ ಸ್ಕೋರು ಕೆಡುತ್ತದೆ.

ಇದನ್ನು ಒತ್ತಿ ಹೇಳುತ್ತೇನೆ: ತಪ್ಪು ಅಂತ ತೋರಿಸಿಕೊಟ್ಟ ಸ್ವಿಚ್ ಮಾತ್ರ ಮುಟ್ಟಿ. ಇಂಥ ಯಂತ್ರದಲ್ಲಿ ನೂರಾರು ಸ್ವಿಚ್ ಇದ್ದಾವೆ, ಹೇಗೂ ತೆರೆದಿದ್ದೀವಲ್ಲ ಅಂತ ಎಲ್ಲವನ್ನೂ 'ಸರಿ' ಮಾಡಲು ಹೋದವರು ಒಂದು ದೋಷದಿಂದ ಶುರು ಮಾಡಿ ಹತ್ತು ದೋಷಕ್ಕೆ ಬರುತ್ತಾರೆ, ಆಮೇಲೆ ನನ್ನಂಥವರನ್ನು ಕರೆಯುತ್ತಾರೆ, ಆಗ ಯಾವುದು ಮೂಲ ದೋಷ ಯಾವುದು ನಾವು ಮಾಡಿದ್ದು ಅಂತ ಬಿಡಿಸುವುದಕ್ಕೇ ಅರ್ಧ ದಿನ ಹೋಗುತ್ತದೆ. ಕೆಲಸ ಶುರು ಮಾಡುವ ಮುಂಚೆ ಈ ಆಟದ ಸ್ಕೀಮ್ಯಾಟಿಕ್ (ವೈರಿಂಗ್ ನಕ್ಷೆ) ತರಿಸಿಕೊಳ್ಳಿ. ದೊಡ್ಡ ಹಾಳೆಯಲ್ಲಿ ಮುದ್ರಿಸಿದ್ದು ಸಿಗುತ್ತದೆ. ನ್ಯೂಯಾರ್ಕ್ ರಾಜ್ಯದ ಪಿನ್‌ಬಾಲ್ ರಿಸೋರ್ಸ್ ಗಾಟ್ಲೀಬ್ ಬಿಡಿಭಾಗಕ್ಕೆ ಹೆಸರಾದ ಜಾಗ.

ಆದರೆ ಇದೆಲ್ಲಕ್ಕೂ ಮುಂಚೆ ಪವರ್ ಕಾರ್ಡ್ ನೋಡಿ. ಅರ್ತ್ ಇಲ್ಲದ ಎರಡು ಪಿನ್ನಿನ ಹಳೇ ಕಾರ್ಡ್ ಇದ್ದರೆ, ಇಲ್ಲ ಕಾರ್ಡಿನ ಹೊದಿಕೆ ಬಿರುಕು ಬಿಟ್ಟಿದ್ದರೆ, ಮೂರು ಪಿನ್ನಿನದ್ದು ಹಾಕಿಸಿ. ಲೈವ್ (ಕರೆಂಟ್ ಬರುವ) ತಂತಿ ಫ್ಯೂಸ್ ಕಡೆಗೇ ಹೋಗಬೇಕು. ಅರ್ತ್ ತಂತಿ ಟ್ರಾನ್ಸ್‌ಫಾರ್ಮರ್ ಚೌಕಟ್ಟು, ನಾಣ್ಯದ ಬಾಗಿಲು, ಪಕ್ಕದ ಲೋಹದ ಪಟ್ಟಿ, ಕಾಲುಗಳು ಎಲ್ಲಕ್ಕೂ ತಲುಪಬೇಕು. ಕಾಯಿಲ್‌ಗಳಿಗೆ ಹೋಗುವುದು 25 ವೋಲ್ಟ್ ಆಸುಪಾಸು, ಅದರಿಂದ ಜೀವಕ್ಕೆ ಭಯ ಇಲ್ಲ. ಟ್ರಾನ್ಸ್‌ಫಾರ್ಮರಿನ ತನಕ ಬರುವುದು ಮಾತ್ರ ಪೂರ್ತಿ 120. ಮಕ್ಕಳು ಬೇಸ್‌ಮೆಂಟಿನ ಕಾಂಕ್ರೀಟ್ ಮೇಲೆ ಬರಿಗಾಲಲ್ಲಿ ನಿಂತು, ಎರಡೂ ಕೈಯಿಂದ ಲೋಹ ಹಿಡಿದು ಆಡುವ ಆಟ ಇದು. ನಿಮಗೆ ಈ ಕೆಲಸ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ, ನಾಚಿಕೆ ಬೇಡ. ಜೊತೆಗೇ ಟ್ರಾನ್ಸ್‌ಫಾರ್ಮರಿನ ವೈರು 'ಹೈ' ಅನ್ನುವ ಟ್ಯಾಪಿಗೆ (ಜಾಸ್ತಿ ವೋಲ್ಟ್ ಕೊಡುವ ಜೋಡಣೆಗೆ) ಹಾಕಿದ್ದಾರಾ ನೋಡಿ. ಹಿಂದೆ ಮನೆ ಕರೆಂಟ್ ಮಂದ ಇರುವ ಕಡೆಗೆ ಅಂತ ಕೊಟ್ಟಿದ್ದು ಅದು. ಫ್ಲಿಪ್ಪರ್ ಜೋರಾಗಲಿ ಅಂತ ಕೆಲವರು ಅಲ್ಲಿಗೆ ಹಾಕಿಟ್ಟಿರುತ್ತಾರೆ.

ಸ್ಕೋರು ಕಾಣುವ ತಲೆಪೆಟ್ಟಿಗೆಯ ಮುಂದಿನ ಗಾಜಿನ ಚಿತ್ರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬಣ್ಣ ಇರುವುದು ಗಾಜಿನ ಹಿಂಭಾಗದಲ್ಲಿ. ಅಲ್ಲಿಗೆ ಒದ್ದೆ ಬಟ್ಟೆ, ಗ್ಲಾಸ್ ಕ್ಲೀನರ್ ತಾಗಿಸಬೇಡಿ, ಬಣ್ಣ ಪುಡಿಯಾಗಿ ಬಟ್ಟೆಗೇ ಬರುತ್ತದೆ. ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲು ಆ ಗಾಜಿನದ್ದು. ಹಿಂದಿನ ಬಲ್ಬುಗಳು 44 ನಂಬರಿನವಾದರೆ 47 ಹಾಕಿ. ಕರೆಂಟ್ 250 ಮಿಲಿಆಂಪ್‌ನಿಂದ 150ಕ್ಕೆ ಇಳಿಯುತ್ತದೆ, ಬಣ್ಣಕ್ಕೆ ಬಿಸಿ ಕಡಿಮೆ.

ಈಗ ನಿಮ್ಮ ಮುಂದಿರುವ ದಾರಿ. ನೀವೇ ಮಾಡಿಕೊಳ್ಳಬಹುದು. ಮೇಲೆ ಹೇಳಿದ ಎರಡು ಚಕ್ರ, ಒಂದು ಕಾಯಿಲ್, ಕಾರ್ಡು, ಅಷ್ಟೇ ಆದರೆ ವಾರಾಂತ್ಯದ ಕೆಲಸ. ಖರ್ಚಿಗಿಂತ ತಾಳ್ಮೆ ಹೋಗುತ್ತದೆ. ಭಾವನವರ ಸ್ಪ್ರೇ ಎಲ್ಲೆಲ್ಲಿ ಬಿದ್ದಿದೆ ಅನ್ನುವುದರ ಮೇಲೆ ಉಳಿದದ್ದು ನಿಂತಿದೆ. ಸ್ಟೆಪ್ಪರ್‌ಗಳ ಮೇಲೂ ಬಿದ್ದಿದ್ದರೆ ಅವನ್ನೂ ಒಂದೊಂದಾಗಿ ತೊಳೆಯಬೇಕು. ಬೇಡ ಅನಿಸಿದರೆ ಹಳೇ ಯಂತ್ರ ಗೊತ್ತಿರುವ ತಂತ್ರಜ್ಞರನ್ನು ಮನೆಗೆ ಕರೆಸಿ, ಅವರ ಪಕ್ಕ ಕೂತು ನೋಡಿ. ಗಂಟೆ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ, ಮುಂದಿನ ಸಲ ನಿಮಗೇ ಗೊತ್ತಿರುತ್ತದೆ. ಕರೆಯುವಾಗ 'ಎಲೆಕ್ಟ್ರೋಮೆಕ್ಯಾನಿಕಲ್ ಮಾಡ್ತೀರಾ' ಅಂತ ಕೇಳಿಯೇ ಕರೆಯಿರಿ, ಬೋರ್ಡ್ ಬದಲಾಯಿಸುವವರು ಬೇರೆ, ಇವರು ಬೇರೆ. ಇನ್ನು ವೈರಿಂಗ್ ಕಿತ್ತು ಎಲೆಕ್ಟ್ರಾನಿಕ್ ಬೋರ್ಡ್ ಹಾಕುವ ಮಾತು: ಬೇಡವೇ ಬೇಡ. ತಾಮ್ರದ ತಂತಿಗೆ ಐವತ್ತು ವರ್ಷ ಏನೂ ಅಲ್ಲ. ಹಾಳಾಗುವುದು ಕಾಂಟ್ಯಾಕ್ಟ್ ಮುಖ ಮತ್ತು ಗ್ರೀಸ್. ಬೋರ್ಡ್ ಹಾಕಿದ ಮೇಲೆ ಅದನ್ನು ರಿಪೇರಿ ಮಾಡಬಲ್ಲವರು ಹಾಕಿದವರೊಬ್ಬರೇ, ಕೊಳ್ಳುವವರಂತೂ ಸಿಗುವುದಿಲ್ಲ.

ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಆ್ಯಸ್ಬರಿ ಪಾರ್ಕ್‌ನ ಸಿಲ್ವರ್‌ಬಾಲ್ ಮ್ಯೂಸಿಯಂಗೆ ಹೋಗಿ ಬನ್ನಿ. ನಿಮಗೆ ದೂರವಲ್ಲ. ಆ ಕಾಲದ ಯಂತ್ರಗಳು ಅಲ್ಲಿ ಓಡುವ ಸ್ಥಿತಿಯಲ್ಲಿವೆ, ಆಡಬಹುದು. ಸ್ಟಾರ್ಟ್ ಒತ್ತಿ ಸುಮ್ನೆ ಕೇಳಿ. ಆರೋಗ್ಯವಾಗಿರುವ ರಿಸೆಟ್ ಎಷ್ಟು ಚುರುಕಾಗಿ ಮುಗಿಯುತ್ತದೆ, ಮೋಟರ್ ಎಲ್ಲಿ ನಿಲ್ಲುತ್ತದೆ ಅಂತ ಕಿವಿಗೆ ಒಂದು ಸಲ ಹಿಡಿದರೆ ನಿಮ್ಮ ಯಂತ್ರದಲ್ಲಿ ಏನು ತಪ್ಪು ಅಂತ ತಾನಾಗಿ ಕೇಳಿಸುತ್ತದೆ.

ಸ್ಲಾಟ್ ಮಷೀನ್ ವಿಷಯದಲ್ಲಿ ನನ್ನ ಉತ್ತರ ಚಿಕ್ಕದು: ತೆಗೆದುಕೊಳ್ಳಬೇಡಿ. ಮಾರಾಟಗಾರರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅವರ ರಾಜ್ಯದ ಮಾತು. ಪೆನ್ಸಿಲ್ವೇನಿಯಾದಲ್ಲಿ 25 ವರ್ಷ ದಾಟಿದ್ದು ಆ್ಯಂಟಿಕ್. ನ್ಯೂಜೆರ್ಸಿಯಲ್ಲಿ 1941ಕ್ಕೆ ಮುಂಚೆ ತಯಾರಾಗಿರಬೇಕು. ಯುದ್ಧದ ನಂತರದ ಮಿಲ್ಸ್ ಯಂತ್ರವನ್ನು ಡೆಲವೇರ್ ನದಿ ಆಚೆ ಪೆನ್ಸಿಲ್ವೇನಿಯಾದ ಮನೆಯಲ್ಲಿಟ್ಟರೆ ಅಲಂಕಾರ, ಈಚೆ ತಂದರೆ ಜೂಜಿನ ಯಂತ್ರ. ನೀವು ದುಡ್ಡು ಹಾಕಿ ಆಡುವುದಿಲ್ಲ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಪಿನ್‌ಬಾಲಿಗೆ ಈ ತೊಂದರೆ ಇಲ್ಲ. ಒಂದು ಕಾಲದಲ್ಲಿ ಇತ್ತು, ನ್ಯೂಯಾರ್ಕ್ ನಗರದಲ್ಲಿ 1942ರಿಂದ 1976ರ ತನಕ ಪಿನ್‌ಬಾಲ್ ನಿಷೇಧವೇ ಇತ್ತು. ಇನ್ನೊಂದು ಎಚ್ಚರಿಕೆ: ಫ್ಲಿಪ್ಪರ್ ಇಲ್ಲದ, 25 ರಂಧ್ರಗಳಿರುವ 'ಬಿಂಗೊ' ಪಿನ್‌ಬಾಲ್ ಅಗ್ಗಕ್ಕೆ ಸಿಗುತ್ತಿದೆ ಅಂತ ಅದೇ ಮಾರಾಟಗಾರರು ನಾಳೆ ಫೋನ್ ಮಾಡಬಹುದು. ಅದು ಜೂಜಿಗೆಂದೇ ಬೆಳೆದ ಜಾತಿ, ಒಳಗಿನ ವೈರಿಂಗ್ ನಿಮ್ಮದಕ್ಕಿಂತ ಎಷ್ಟೋ ಪಾಲು ಸಿಕ್ಕು. ಹೊಸಬರಿಗೆ ಅಲ್ಲ.

ಕೊನೆಗೆ ಮೈಸೂರು. ಇಲ್ಲಿ 120 ವೋಲ್ಟ್, 60 ಹರ್ಟ್ಜ್. ಅಲ್ಲಿ 230 ವೋಲ್ಟ್, 50 ಹರ್ಟ್ಜ್. ಎಲ್ಲರೂ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಆಯಿತು ಅಂತಾರೆ. ಅದು ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. ಸ್ಕೋರ್ ಮೋಟರ್ ಸುಮಾರು ಆರನೇ ಒಂದು ಪಾಲು ನಿಧಾನವಾಗುತ್ತದೆ, ಅದೇನೂ ತೊಂದರೆಯಿಲ್ಲ, ಆಟ ಸ್ವಲ್ಪ ಸೋಮಾರಿಯಾಗುತ್ತದೆ. ತೊಂದರೆ ಇರುವುದು ಯಂತ್ರದ ಟ್ರಾನ್ಸ್‌ಫಾರ್ಮರ್ ಮತ್ತು ಎಸಿ ಕಾಯಿಲ್‌ಗಳಲ್ಲಿ. 60ಕ್ಕೆ ಮಾಡಿದ್ದನ್ನು 50ರಲ್ಲಿ ಅದೇ ವೋಲ್ಟೇಜಿಗೆ ಓಡಿಸಿದರೆ ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತವೆ. ಅದಕ್ಕೆ 120ರ ಬದಲು 100 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಮಾಡಿಸಿ. 60ಕ್ಕೆ 120 ಇದ್ದ ಅನುಪಾತ 50ಕ್ಕೆ 100 ಆದಾಗ ಹಾಗೇ ಉಳಿಯುತ್ತದೆ. ಫ್ಲಿಪ್ಪರ್ ಸ್ವಲ್ಪ ಮೆತ್ತಗಾಗುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಐಸೊಲೇಷನ್ ಇರುವ, 500 ವಿಎಗೆ ಕಡಿಮೆ ಇಲ್ಲದ್ದು ತೆಗೆದುಕೊಳ್ಳಿ, ಅಂಗಡಿಯ ಅಗ್ಗದ ಆಟೊ ಟ್ರಾನ್ಸ್‌ಫಾರ್ಮರ್ ಬೇಡ. ಸಾಗಿಸುವಾಗ ತಲೆಪೆಟ್ಟಿಗೆ ಬೇರೆ ಮಾಡಿ, ಗಾಜು ತೆಗೆದು ಬೇರೆಯಾಗಿ ಕಟ್ಟಿ, ಕಾಯಿಲ್ ತೋಳು, ಫ್ಯೂಸ್, ಬಲ್ಬು, ರಬ್ಬರ್ ರಿಂಗುಗಳ ಒಂದೆರಡು ಸೆಟ್ ಜೊತೆಗೇ ಹಾಕಿಕೊಳ್ಳಿ. ಅಲ್ಲಿ ಅವನ್ನು ಅಂಗಡಿಯಲ್ಲಿ ಹುಡುಕುವ ಕಷ್ಟ ಬೇಡ. ಕಸ್ಟಮ್ಸ್‌ನಲ್ಲಿ ಹಳೇ ಸಾಮಾನಿಗೆ ಎಷ್ಟು ಸುಂಕ, ಯಾವ ಕಾಗದ ಅನ್ನುವುದನ್ನು ಕಂಟೇನರ್ ಬುಕ್ ಮಾಡುವ ಮುಂಚೆಯೇ ಏಜೆಂಟರಿಂದ ಬರಹದಲ್ಲಿ ತೆಗೆದುಕೊಳ್ಳಿ. ಪೆಟ್ಟಿಗೆಯ ಒಳಗಡೆಯ ಫೋಟೋ ಅವರಿಗೆ ಕಳಿಸಿ, ಹೊರಗಿನ ಇಸ್ಪೀಟ್ ಎಲೆಗಳ ಚಿತ್ರ ನೋಡಿ ಜೂಜಿನ ಯಂತ್ರ ಅಂದುಕೊಂಡು ತಡೆಯುವ ಸಾಧ್ಯತೆ ಇದೆ.